ಹೇಗ್‌ಗೆ ಹೋದ ಗರಿ, ಊರಲ್ಲೇ ಉಳಿದ ಗಡಿಗೆ

ಬೆಳಗಿನ ನಮಾಜು ಮುಗಿಸಿದ ಜನ ಮಸೀದಿಯ ಬಾಗಿಲಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿದ್ದಾರೆ. ಹಾಜಿ ಬಿಲ್ಖೈರ್ ಆಗಲೇ ಸಂತೆ ಚೌಕದ ಮಣ್ಣುಗೋಡೆಯೊಳಗಿನ ಗೂಡಿನಲ್ಲಿ ಕಾಲು ಮಡಿಸಿ ಕೂತಿದ್ದಾರೆ. ಎದುರಿಗೆ ಬುಗ್ಗೆಯ ನೀರು ಕಲ್ಲಿನ ಕಾಲುವೆಯಲ್ಲಿ ಹರಿಯುತ್ತಿದೆ. ತಲೆಯ ಮೇಲಿನ ಕೊಕ್ಕೆಯಲ್ಲಿ ತಾಮ್ರದ ಗಡಿಗೆ ತೂಗುತ್ತಿದೆ. ಪಕ್ಕದಲ್ಲಿ ಹಸಿ ಖರ್ಜೂರದ ಗರಿಗಳ ಕಟ್ಟು. ಅವರ ಕಣ್ಣು ಮಾತ್ರ ಮಿನಾರಿನ ತುದಿಯಲ್ಲಿ ನೆಟ್ಟಿದೆ.

ತುದಿಗೆ ಬಿಸಿಲು ತಾಗುತ್ತದೆ. ಅವರು ಗಡಿಗೆಯನ್ನು ಕಾಲುವೆಯಲ್ಲಿ ಅದ್ದಿ, ತುಂಬಿಸಿ, ಕೊಕ್ಕೆಗೆ ಹಾಕುತ್ತಾರೆ. ತಳದ ತೂತಿನಿಂದ ನೀರು ದಾರದ ಹಾಗೆ ಇಳಿಯುತ್ತದೆ. ಅದು ಬರಿದಾಗಲು ಮೂರು ನಿಮಿಷ ಬೇಕು. ಮೊದಲ ಗಡಿಗೆ ಬರಿದಾಗುತ್ತದೆ, ಅವರು ಗಂಟು ಹಾಕುವುದಿಲ್ಲ. ಎರಡನೆಯದು ಬರಿದಾದಾಗ ಗರಿಯ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಗಂಟು ಬಿಗಿಯುತ್ತಾರೆ. ಮೂರನೆಯದಕ್ಕೆ ಇನ್ನೊಂದು. ತೋಟದವನ ಪಾಲಿನಷ್ಟು ಗಂಟು ತುಂಬಿದ ಮೇಲೆ ಕಾಲುವೆಯ ಬಾಗಿಲು ಮುಚ್ಚಿ ಮುಂದಿನ ತೋಟಕ್ಕೆ ತೆರೆಯಲು ಕೂಗು ಹಾಕುತ್ತಾರೆ. ನೀರು ಪಡೆದವನು ಬಂದು ತನ್ನ ಗರಿಯ ಗಂಟುಗಳನ್ನು ತನ್ನ ಕೈಯಾರೆ ಬಿಚ್ಚುತ್ತಾನೆ. ನನ್ನ ನೀರು ನನಗೆ ಮುಟ್ಟಿತು ಎಂದು ಅದರ ಅರ್ಥ. ಬಿಚ್ಚಿದ ಗರಿ ಮೇಕೆಗೆ ಹೋಗುತ್ತದೆ. ಐನ್ ಮಜ್ದೂಲ್ ಊರಿನಲ್ಲಿ ರಸೀದಿ ಎಂದರೆ ಇಷ್ಟೇ.

ಇವತ್ತು ಗುರುವಾರ. ಊರಿಗೆ ಊರೇ ಎದ್ದು ಕೂತಿದೆ. ಗೂಡಿನ ಪಕ್ಕದ ಚಹಾ ಅಂಗಡಿಯಲ್ಲಿ ಶಾಬಾನ್ ಮೇಜಿನ ಮೇಲೆ ಮೇಜು ಪೇರಿಸಿ ಟೀವಿ ಏರಿಸಿದ್ದಾನೆ. ಹತ್ತು ಗಂಟೆಗೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಓದಲಿದೆ. ಮೂರು ತಿಂಗಳ ಕಾಲ ನಮ್ಮ ನೆಲದ ಮೇಲೆ ಬಾಂಬು ಸುರಿಸಿದ ಹೊರದೇಶದ ವಿರುದ್ಧ ನಮ್ಮ ಸರ್ಕಾರ ಹೂಡಿದ ಮೊಕದ್ದಮೆ ಅದು. ಅದರಲ್ಲಿ ಅರವತ್ತಮೂರು ಘಟನೆಗಳಿವೆ. ನಲವತ್ತೊಂದನೆಯದು ಈ ಕಾಲುವೆ. ಅದಕ್ಕೆ ಮುಖ್ಯ ಸಾಕ್ಷಿ ಹಾಜಿ ಬಿಲ್ಖೈರ್ ಗಂಟು ಹಾಕಿದ ಒಂದು ಗರಿ.

"ಹಾಜಿ, ಇವತ್ತಾದ್ರೂ ಗಡಿಗೆ ಇಳಿಸಿ ಬಂದು ಟೀವಿ ನೋಡಿ" ಎಂದು ಶಾಬಾನ್ ಕೂಗುತ್ತಾನೆ.

"ಯಾಕೆ, ನಿನ್ನ ತೋಟದ ನೀರು ಬೇಡ್ವಾ? ಇವತ್ತು ಆರನೇ ಸರದಿ ನಿಂದೇ."

"ಒಂದಿನ ಅಂದಾಜಲ್ಲಿ ಬಿಟ್ರೆ ಏನಾಗತ್ತೆ?"

"ಅಂದಾಜಲ್ಲಿ ನೀನು ಸಕ್ಕರೆ ಹಾಕ್ತೀಯಲ್ಲ, ಹಾಗಾಗತ್ತೆ."

ಅಂಗಡಿಯಲ್ಲಿ ನಗು. ಮಾತಾಡುವವರೆಲ್ಲ ಹಾಜಿಯ ಬಲಗಡೆಗೆ ಬಂದು ಮಾತಾಡುತ್ತಾರೆ. ಎಡಗಿವಿ ನಾಲ್ಕು ವರ್ಷದ ಹಿಂದೆ ಹೋಗಿದೆ.

ಹಾಜಿಗೆ ಅರವತ್ತೆಂಟು. ಅವರ ಅಪ್ಪನೂ ಇದೇ ಗೂಡಿನಲ್ಲಿ ಕೂತವರು. ಊರಿನ ಇನ್ನೂರ ಅರವತ್ತನಾಲ್ಕು ತೋಟಗಳಿಗೆ ಹನ್ನೆರಡು ದಿನಕ್ಕೊಮ್ಮೆ ಸರದಿ ಬರುತ್ತದೆ. ಬೆಳಗಿನ ಹೊತ್ತು ಹಾಜಿಯದು, ಮಧ್ಯಾಹ್ನದ ಮೇಲೆ ಇನ್ನೊಬ್ಬರದು. ಬಿಸಿಲು ತಾಗಿದಾಗಿನಿಂದ ನಡುಹಗಲಿನವರೆಗೆ ನೂರಿಪ್ಪತ್ತು ಗಡಿಗೆ. ನೂರಿಪ್ಪತ್ತು ಸಲ ಬಗ್ಗಬೇಕು, ನೂರಿಪ್ಪತ್ತು ಸಲ ತೋಳೆತ್ತಬೇಕು. ನಡುವೆ ಏಳುವಂತಿಲ್ಲ. ಕುಡಿಯುವ ಚಹಾವನ್ನೂ ಅಳೆದೇ ಕುಡಿಯುತ್ತಾರೆ. ಇದಕ್ಕೆ ಸಂಬಳವಿಲ್ಲ. ಕೊಯ್ಲಿನಲ್ಲಿ ತೋಟಕ್ಕೊಂದು ಖರ್ಜೂರದ ಗೊನೆ, ಹನ್ನೆರಡು ದಿನಕ್ಕೊಮ್ಮೆ ಅವರ ತೋಟಕ್ಕೆ ಹದಿನಾಲ್ಕು ಗಡಿಗೆ ನೀರು. ಇದು ಅಪ್ಪನ ಕಾಲದ ಒಪ್ಪಂದ.

ನಡುವೆ ಎಂಟು ವರ್ಷ ಈ ಕೆಲಸವೇ ಇರಲಿಲ್ಲ. ಊರಿಗೆ ವಿದ್ಯುತ್ ಪಂಪು ಬಂತು, ಅದಕ್ಕೆ ತಾನೇ ಆರುವ ಗಡಿಯಾರದ ಡಬ್ಬಿ ಬಂತು. ಹಾಜಿ ಗಡಿಗೆಯನ್ನು ಮನೆಯ ಗೋಡೆಗೆ ತೂಗುಹಾಕಿ, ಚೌಕದ ಮೂಲೆಯಲ್ಲಿ ಚಪ್ಪಲಿ ಹೊಲಿದರು. "ಚಪ್ಪಲಿ ಹೊಲಿಯೋದೂ ಒಳ್ಳೇ ಕೆಲಸಾನೇ. ಆದ್ರೆ ಬಿಸಿಲು ತಾಗಿದಾಗ ಕೈ ಸುಮ್ನಿರ್ತಿರ್ಲಿಲ್ಲ. ದಾರದಲ್ಲಿ ಗಂಟು ಹಾಕ್ಬಿಡ್ತಿದ್ದೆ. ಗಿರಾಕಿಗಳು ಬೈತಿದ್ರು."

ಬಾಂಬು ಬೀಳತೊಡಗಿದ ಎರಡನೇ ವಾರಕ್ಕೆ ಕರೆಂಟು ಹೋಯಿತು, ಪಂಪು ನಿಂತಿತು. ಫೋನುಗಳು ಒಂದೊಂದಾಗಿ ಆರಿದವು. ಊರಿನ ಹಿರಿಯರು ಹಾಜಿಯ ಮನೆ ಬಾಗಿಲಿಗೆ ಬಂದರು. ಗಡಿಗೆ ಗೋಡೆಯಿಂದ ಇಳಿಯಿತು. ತೂತು ಮುಚ್ಚಿಕೊಂಡಿರಬಹುದೆಂದು ಹಾಜಿಗೆ ಅನುಮಾನವಿತ್ತು, ಇರಲಿಲ್ಲ. ಹಳೆಯ ಬುಗ್ಗೆ, ಹಳೆಯ ಕಾಲುವೆ, ಹಳೆಯ ಎಣಿಕೆ ಮತ್ತೆ ಶುರುವಾದವು.

ಬಾಂಬು ಶುರುವಾದ ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ನಾಲ್ಕನೇ ಸರದಿ ಮಿಲಾದ್‌ನದು. ಒಂಬತ್ತು ಗಡಿಗೆಯ ಪಾಲಿನ ಸಣ್ಣ ತೋಟದವನು, ಮಾತಿನ ಮಲ್ಲ. ಮುಂದಿನ ಸರದಿಯವರು ಹತ್ತು ಜನ ಕಾಲುವೆಯ ಕಟ್ಟೆಯ ಮೇಲೆ ಕೂತು ಅವನ ಹರಟೆ ಕೇಳುತ್ತಿದ್ದರು. ಹಾಜಿ ಏಳನೇ ಗಂಟು ಬಿಗಿದು, ಎಂಟನೇ ಗಡಿಗೆ ಏರಿಸಿ, ಅದರ ಗಂಟಿಗೆ ಗರಿಯನ್ನು ಬೆರಳಿಗೆ ಸುತ್ತಿಕೊಂಡಿದ್ದರು.

"ಅಷ್ಟೇ ನಂಗೆ ಗೊತ್ತಿರೋದು. ಗೂಡಿನ ಗೋಡೆ ದಪ್ಪ, ನಾನು ಒಳಗಿದ್ದೆ. ಅವರು ಹೊರಗಿದ್ರು."

ಹನ್ನೊಂದು ಜನ ಸತ್ತರು. ಮೊದಲ ಮೂರು ಸರದಿಯವರು ಅಷ್ಟರಲ್ಲಿ ಗಂಟು ಬಿಚ್ಚಿ ತಮ್ಮ ತೋಟಕ್ಕೆ ಹೋಗಿದ್ದರಿಂದ ಉಳಿದರು. ಮಿಲಾದ್‌ನ ಗರಿ ಹಾಜಿಯ ಬೆರಳಿನಲ್ಲೇ ಇತ್ತು: ಏಳು ಗಂಟು, ಬಿಗಿಯದ ಒಂದು ಕುಣಿಕೆ. ಸತ್ತವನ ಗರಿಯನ್ನು ವಾರಸುದಾರರಲ್ಲದೆ ಬೇರೆಯವರು ಬಿಚ್ಚುವಂತಿಲ್ಲ. ಹಾಜಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಿಲಾದ್‌ನ ಹೆಂಡತಿ ಮಬ್ರೂಕಾಗೆ ಒಪ್ಪಿಸಿದರು. ಆಕೆ ಬಿಚ್ಚಲಿಲ್ಲ. "ಸರದಿ ಮುಗಿದಿಲ್ವಲ್ಲ" ಎಂದಳಂತೆ.

ಒಂದು ವರ್ಷ ಕಳೆದ ಮೇಲೆ ರಾಜಧಾನಿಯಿಂದ ಸರ್ಕಾರದ ವಕೀಲರ ತಂಡ ಬಂತು. ಅದರಲ್ಲಿದ್ದ ನಜ್ಲಾ ಎಂಬ ತರುಣಿಯನ್ನು ಊರು ಈಗ "ವಕೀಲಮ್ಮ" ಎನ್ನುತ್ತದೆ. ಬಾಂಬು ಬಿದ್ದದ್ದು ಎಷ್ಟು ಹೊತ್ತಿಗೆ ಎಂದು ಆಕೆ ಮನೆಮನೆಯಲ್ಲಿ ಕೇಳಿದಳು. ಒಬ್ಬರು ಏಳೂವರೆ ಎಂದರು, ಒಬ್ಬರು ಎಂಟೂವರೆ. ಕೊನೆಗೆ ಯಾರೋ ಗರಿಯ ಸುದ್ದಿ ಹೇಳಿದರು.

ಗರಿ ಕೊಡಲು ಮಬ್ರೂಕಾ ಮೊದಲು ಒಪ್ಪಲಿಲ್ಲ. ಆ ಮಾತುಕತೆಯನ್ನು ಆಕೆ ವರದಿಗೆಂದು ಬಂದ ನನಗೆ ರೊಟ್ಟಿ ತಟ್ಟುತ್ತಲೇ ಹೇಳುತ್ತಾಳೆ. "ವಕೀಲಮ್ಮ, ಇದು ಸಾಕ್ಷಿ ಅಲ್ಲ, ಇದು ನನ್ನ ನೀರು ಅಂದೆ. ಅವಳು ಅಳೋಕೆ ಶುರು ಮಾಡಿದ್ಳು. ಗಂಡ ಸತ್ತವಳು ನಾನು, ಅಳೋಳು ಅವಳು. ಸರಿ ತಗೊಂಡ್ ಹೋಗು ಮಾರಾಯ್ತಿ, ಆದ್ರೆ ಗಂಟು ಬಿಚ್ಚಿದ್ರೆ ನಿನ್ನ ಜುಟ್ಟು ಬಿಚ್ತೀನಿ ಅಂದೆ."

ಗರಿ ಗಾಜಿನ ಪೆಟ್ಟಿಗೆಯಲ್ಲಿ ವಿಮಾನ ಹತ್ತಿತು. ನ್ಯಾಯಾಲಯ ಕಳಿಸಿದ ಇಬ್ಬರು ತಜ್ಞರು ಊರಿಗೆ ಬಂದರು. ಶಾಬಾನ್‌ನ ಮೇಜಿನ ಮೇಲೆ ಗಡಿಗೆಯನ್ನು ಐವತ್ತು ಸಲ ತುಂಬಿಸಿ, ಬರಿದು ಮಾಡಿ, ಮೂರು ನಿಮಿಷ ಎಂದು ಬರೆದುಕೊಂಡು ಹೋದರು.

ಮುಂದಿನ ಲೆಕ್ಕವನ್ನು ನಾನು ಮೂರು ಸಲ ಬರೆದು ಹಾಜಿಗೆ ಓದಿ ಹೇಳಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನದು. ಆ ದಿನದ ಮೊದಲ ಮೂರು ತೋಟಗಳ ಪಾಲು ಹನ್ನೆರಡು, ಒಂಬತ್ತು, ಹತ್ತು. ಮಿಲಾದ್‌ನವು ಏಳು ಸೇರಿ ಮೂವತ್ತೆಂಟು ಗಂಟು, ಅಂದರೆ ನೂರಹದಿನಾಲ್ಕು ನಿಮಿಷ. ಅಂದು ಸೂರ್ಯ ಹುಟ್ಟಿದ್ದು ಆರು ಗಂಟೆ ನಾಲ್ಕು ನಿಮಿಷಕ್ಕೆ. ಹಾಗಾಗಿ ಎಂಟನೇ ಗಡಿಗೆ ಏರಿದ್ದು ಏಳು ಐವತ್ತೆಂಟಕ್ಕೆ, ಬರಿದಾಗಬೇಕಿದ್ದದ್ದು ಎಂಟು ಗಂಟೆ ಒಂದು ನಿಮಿಷಕ್ಕೆ. ಆ ನಡುವೆ ಬಾಂಬು ಬಿತ್ತು ಎಂದು ನಮ್ಮ ವಕೀಲರು ಬರೆದು ಕೊಟ್ಟರು.

ವಿಚಾರಣೆಯ ದಿನ ಹೊರದೇಶದ ವಕೀಲರು ತಮ್ಮ ವಿಮಾನದ ದಾಖಲೆ ತೆಗೆದರು. ಊರಾಚೆಯ ಕೊರಕಲಿನ ಮೇಲೆ ಬಾಂಬು ಹಾಕಿದ್ದು ನಿಜ, ಆದರೆ ಎಂಟು ಹನ್ನೊಂದಕ್ಕೆ ಎಂದರು. ಅರ್ಜಿದಾರರ ಗರಿಯೇ ಹೇಳುವಂತೆ ಬುಗ್ಗೆಯ ಬಳಿ ಅದಕ್ಕೂ ಹತ್ತು ನಿಮಿಷ ಮೊದಲೇ ಸ್ಫೋಟವಾಗಿತ್ತು. ಹಾಗಾದರೆ ಆ ಜನ ಅಲ್ಲಿ ಮದ್ದುಗುಂಡು ಬಚ್ಚಿಟ್ಟಿದ್ದರು, ಅದು ತಾನೇ ಸಿಡಿಯಿತು ಎಂದು ವಾದಿಸಿದರು. ಶಾಬಾನ್‌ನ ಅಂಗಡಿಯಲ್ಲಿ ಟೀವಿ ಆರಿಸಿದರಂತೆ. ಮಬ್ರೂಕಾ ಮೂರು ದಿನ ಒಲೆ ಹಚ್ಚಲಿಲ್ಲವಂತೆ. ಗಂಡ ಸತ್ತದ್ದಲ್ಲದೆ ಈಗ ಮದ್ದುಗುಂಡು ಕಾಯುವವನೂ ಆಗಿಬಿಟ್ಟಿದ್ದ. ಅವನ ಜೊತೆ ಉಳಿದ ಹತ್ತು ಜನ ಕೂಡ.

ಆ ಸಂಜೆ ಹೇಗ್‌ನಿಂದ ನಜ್ಲಾ ಫೋನು ಮಾಡಿದಳು. ಶಾಬಾನ್ ಫೋನಿನ ಧ್ವನಿ ದೊಡ್ಡದು ಮಾಡಿ ಹಾಜಿಯ ಬಲಗಿವಿಗೆ ಹಿಡಿದಿದ್ದ. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದಾರೆ. ಇಡೀ ಊರು ಅದನ್ನು ನಾಟಕದ ಮಾತಿನಂತೆ ಬಾಯಿಪಾಠ ಹೇಳುತ್ತದೆ.

"ಹಾಜಿ, ಹತ್ತು ಹನ್ನೆರಡು ನಿಮಿಷ ಕಮ್ಮಿ ಬರ್ತಿದೆ. ಎಲ್ಲಿ ಹೋಯ್ತು?"

"ಕಮ್ಮಿ ಯಾಕೆ ಬರತ್ತೆ? ಹಕ್ಕಿ ಗಡಿಗೆ ಸೇರಿಸಿದ್ದೀಯ ತಾನೇ?"

"ಯಾವ ಹಕ್ಕಿ?"

"ಯಾವ ಹಕ್ಕಿ ಅಂದ್ರೆ? ಹಕ್ಕಿ, ಗುಬ್ಬಿ, ಪಾರಿವಾಳ. ಅವು ಕುಡಿಯಲ್ವಾ?"

ಪ್ರತಿ ಸರದಿಯ ಮೊದಲ ಗಡಿಗೆ ಯಾರ ಲೆಕ್ಕಕ್ಕೂ ಇಲ್ಲ. ಬುಗ್ಗೆಯಿಂದ ತೋಟದವರೆಗೆ ನೀರು ಹೋಗುವ ದಾರಿಯಲ್ಲಿ ಹಕ್ಕಿಯೋ ನಾಯಿಯೋ ದಾರಿಹೋಕನೋ ಕುಡಿಯಲಿ ಎಂದು ಬಿಟ್ಟದ್ದು. ಅದಕ್ಕೆ ಗಂಟಿಲ್ಲ. ನಾಲ್ಕು ಸರದಿಗೆ ನಾಲ್ಕು ಗಡಿಗೆ, ಹನ್ನೆರಡು ನಿಮಿಷ. ಅದನ್ನು ಸೇರಿಸಿದರೆ ಎಂಟನೇ ಗಡಿಗೆ ಏರುವುದು ಎಂಟು ಹತ್ತಕ್ಕೆ, ಬರಿದಾಗುವುದು ಎಂಟು ಹದಿಮೂರಕ್ಕೆ. ವಿಮಾನದ ದಾಖಲೆಯ ಎಂಟು ಹನ್ನೊಂದು ಸರಿಯಾಗಿ ಅದರ ನಡುವೆ ಬೀಳುತ್ತದೆ. ಅಂದರೆ ಸ್ಫೋಟ ಎರಡಲ್ಲ, ಒಂದೇ.

"ನೀವು ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಹಾಜಿ?" ಎಂದು ನಜ್ಲಾ ಫೋನಿನಲ್ಲೇ ಕೂಗಿದ್ದಳಂತೆ.

"ಯಾರಿಗೆ ಗೊತ್ತಿಲ್ಲ ಅಂತ ಹೇಳಲಮ್ಮ? ಬೆಳಿಗ್ಗೆ ಎದ್ದು ಉಸಿರಾಡಿದೆ ಅಂತಾನೂ ಹೇಳಿಲ್ಲ."

ಈ ಪ್ರಶ್ನೆ ಕೇಳಿದರೆ ಹಾಜಿ ಈಗಲೂ ತಲೆ ತಗ್ಗಿಸುತ್ತಾರೆ. "ತಪ್ಪು ನಂದೇ. ಅವಳಿಗೆ ಗಂಟು ಹಾಕಿದ್ದು ಹೇಳ್ದೆ, ಹಾಕದೇ ಇದ್ದದ್ದು ಹೇಳ್ಲಿಲ್ಲ. ಹನ್ನೊಂದು ಜನರ ಮೇಲೆ ಆ ಮಾತು ಬಂತಲ್ಲ, ನನ್ನಿಂದ್ಲೇ ಬಂತು."

ಹೇಳಿದ ಮಾತ್ರಕ್ಕೆ ನ್ಯಾಯಾಲಯ ನಂಬಬೇಕಲ್ಲ. ತಮ್ಮ ವಿಮಾನದ ದಾಖಲೆ ನೋಡಿದ ಮೇಲೆ ಹಕ್ಕಿಗಳು ಹುಟ್ಟಿಕೊಂಡವು ಎಂದು ಎದುರು ವಕೀಲರು ಗೇಲಿ ಮಾಡಿದರು. ಆಗ ಮಸೀದಿಯ ಪೆಟ್ಟಿಗೆಯಲ್ಲಿದ್ದ ಜಿಂಕೆ ಚರ್ಮದ ಪತ್ರ ಹೊರಗೆ ಬಂತು. ನೂರಮೂವತ್ತು ವರ್ಷದ ಹಿಂದೆ ಊರಿನ ನೀರು ಹಂಚಿದಾಗ ಬರೆದದ್ದು. ಪ್ರತಿ ಸರದಿಯ ಮೊದಲ ಗಡಿಗೆ ರೆಕ್ಕೆಯುಳ್ಳವುಗಳದು, ಅದಕ್ಕೆ ಗಂಟು ಹಾಕಿದವನು ಕಳ್ಳ ಎಂದು ಅದರ ಐದನೇ ಸಾಲಿನಲ್ಲಿದೆ. ಸುತ್ತಲಿನ ಮೂರು ಓಯಸಿಸ್‌ಗಳ ಗಡಿಗೆಯವರೂ ಇದೇ ಮಾತಿಗೆ ಹೆಬ್ಬೆಟ್ಟು ಒತ್ತಿದರು. ತಜ್ಞರು ಮತ್ತೆ ಬಂದರು. ಈ ಸಲ ಮೇಜಿನ ಮೇಲಲ್ಲ, ಗೂಡಿನಲ್ಲೇ ಹಾಜಿಯ ಪಕ್ಕ ಒಂದು ಇಡೀ ಬೆಳಗು ಕೂತರು. ಅವರಲ್ಲೊಬ್ಬನಿಗೆ ಬೆನ್ನು ಹಿಡಿದುಕೊಂಡಿತು ಎಂದು ಹಾಜಿ ಸ್ವಲ್ಪ ಖುಷಿಯಿಂದಲೇ ನೆನೆಯುತ್ತಾರೆ.

ಇದೆಲ್ಲ ನಡೆದು ಎಂಟು ತಿಂಗಳಾಗಿದೆ. ಈಗ ಗಂಟೆ ಹತ್ತಾಗುತ್ತಾ ಬಂದಿದೆ. ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಶಾಬಾನ್ ಮೂರನೇ ಸುತ್ತಿನ ಚಹಾವನ್ನು ಎತ್ತರದಿಂದ ಹೊಯ್ದು ನೊರೆ ಎಬ್ಬಿಸುತ್ತಿದ್ದಾನೆ, ಕಣ್ಣು ಟೀವಿಯ ಮೇಲಿದ್ದು ಅರ್ಧ ಹೊರಗೆ ಚೆಲ್ಲುತ್ತಿದೆ. ಹೆಂಗಸರು ಕಾಲುವೆಯ ಆಚೆ ದಂಡೆಯಲ್ಲಿ ಸಾಲಾಗಿ ಕೂತಿದ್ದಾರೆ. ಮಬ್ರೂಕಾ ಎಲ್ಲರಿಗಿಂತ ಮುಂದೆ ಇದ್ದಾಳೆ.

ಕಾಯುತ್ತಾ ಕೂತಾಗ ಆಕೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳುತ್ತಾಳೆ. ಗಂಟು ಬಿಚ್ಚದೆ ಸರದಿ ಮುಗಿಯುವುದಿಲ್ಲ. ಸರದಿ ಮುಗಿಯದೆ ಆ ತೋಟದ ಹೆಸರಿಗೆ ಹೊಸ ಗರಿ ಕಟ್ಟುವಂತಿಲ್ಲ. ಮೊದಲು ಆಕೆ ಬಿಚ್ಚಲಿಲ್ಲ, ಆಮೇಲೆ ಗರಿ ಹೇಗ್‌ಗೆ ಹೋಯಿತು; ಅದು ತಿರುಗಿ ಬರುವವರೆಗೆ ಮಿಲಾದ್‌ನ ತೋಟಕ್ಕೆ ನೀರಿಲ್ಲ. "ಹಾಗಾದ್ರೆ ನಿಮ್ಮ ಗಿಡಗಳು ಹಸಿರಾಗಿರೋದು ಹೇಗೆ" ಎಂದು ನಾನು ಕೇಳುತ್ತೇನೆ.

"ಹಾಜಿ ತಮ್ಮ ಹದಿನಾಲ್ಕು ಗಡಿಗೇನ ನಮ್ಮ ಕಡೆ ತಿರುಗಿಸ್ತಾರೆ. ನಾಲ್ಕು ವರ್ಷದಿಂದ. ಅವರ ತೋಟ ಹೋಗಿ ನೋಡಿ. ಇಪ್ಪತ್ತೆರಡು ಮರದಲ್ಲಿ ಈಗ ಬದುಕಿರೋದು ಐದು. ಬೇಡ ಅಂದ್ರೆ ಕಿವಿ ಕೇಳಲ್ಲ ಅಂತಾರೆ. ಬಲಗಿವಿಗೇ ಹೇಳಿದ್ರೂ ಕೇಳಲ್ಲ."

ಹಾಜಿಯನ್ನು ವಿಚಾರಿಸಿದರೆ ಗಡಿಗೆ ನೋಡುತ್ತಾ ಹೇಳುತ್ತಾರೆ. "ಅವು ಹಳೇ ಮರ. ನಂಗೂ ವಯಸ್ಸಾಯ್ತು, ಅವಕ್ಕೂ ಆಯ್ತು. ಬರೀಬೇಡಪ್ಪ ಅದನ್ನ." ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕೊನೆಗೆ ಮಬ್ರೂಕಾ, "ಬರೀರಿ, ಬೈದ್ರೆ ನಂಗೆ ಬೈಲಿ" ಎಂದಿದ್ದರಿಂದ ಬರೆದಿದ್ದೇನೆ.

ಟೀವಿಯಲ್ಲಿ ನ್ಯಾಯಾಧೀಶರು ಸಾಲಾಗಿ ಬಂದು ಕೂರುತ್ತಾರೆ. ಅಧ್ಯಕ್ಷರು ಓದುತ್ತಾರೆ, ದುಭಾಷಿಯ ಅರಬ್ಬಿ ಅದರ ಬೆನ್ನಿಗೇ ಬರುತ್ತದೆ. ಒಂದನೇ ಘಟನೆ ಸಾಬೀತಾಗಿದೆ. ಎರಡನೆಯದಕ್ಕೆ ಪುರಾವೆ ಸಾಲದು. ಮೂರನೆಯದು, ನಾಲ್ಕನೆಯದು. ಬಿದ್ದುಹೋದ ಪ್ರತಿ ಘಟನೆಗೂ ಯಾವುದೋ ಊರಿನ ಹೆಸರಿದೆ, ಅಲ್ಲಿಯೂ ಹೀಗೇ ಜನ ಟೀವಿಯೆದುರು ಕೂತಿರುತ್ತಾರೆ. ಚೌಕದಲ್ಲಿ ಒಂದೊಂದಕ್ಕೂ ನಿಟ್ಟುಸಿರು ಏಳುತ್ತದೆ. ಮೂವತ್ತು ದಾಟುವಾಗ ಶಾಬಾನ್ ಚಹಾ ಹೊಯ್ಯುವುದನ್ನು ನಿಲ್ಲಿಸುತ್ತಾನೆ. ಹಾಜಿಯ ಗೂಡಿನಿಂದ ಮಾತ್ರ ಗಡಿಗೆ ಅದ್ದುವ ಸದ್ದು, ಕೊಕ್ಕೆಯ ಸದ್ದು.

"ನಲವತ್ತೊಂದು" ಎನ್ನುತ್ತಾನೆ ದುಭಾಷಿ.

ಹಾಜಿ ಕತ್ತು ತಿರುಗಿಸಿ ಬಲಗಿವಿಯನ್ನು ಅಂಗಡಿಯ ಕಡೆಗಿಡುತ್ತಾರೆ. ಕಣ್ಣು ಗಡಿಗೆ ಬಿಟ್ಟು ಅಲುಗುವುದಿಲ್ಲ. ಗಡಿಗೆಯಲ್ಲಿ ಇನ್ನು ಬೊಗಸೆಯಷ್ಟು ನೀರು ಉಳಿದಿದೆ.

ಐನ್ ಮಜ್ದೂಲ್‌ನ ಬುಗ್ಗೆಯ ಬಳಿ ಸಂಭವಿಸಿದ ಸಾವುಗಳಿಗೆ, ಆ ದಿನ ಬೆಳಿಗ್ಗೆ ಎಂಟು ಹತ್ತರಿಂದ ಎಂಟು ಹದಿಮೂರರ ನಡುವೆ ಪ್ರತಿವಾದಿ ದೇಶದ ವಿಮಾನ ಹಾಕಿದ ಬಾಂಬೇ ಕಾರಣವೆಂದು ನ್ಯಾಯಾಲಯ ಒಮ್ಮತದಿಂದ ಕಂಡುಕೊಂಡಿದೆ. ಅಲ್ಲಿ ಮದ್ದುಗುಂಡು ಇತ್ತೆಂಬ ವಾದವನ್ನು ತಿರಸ್ಕರಿಸಿದೆ. ಸತ್ತವರು ನೀರಿನ ಸರದಿಗಾಗಿ ಕಾಯುತ್ತಿದ್ದ ರೈತರು. ಆಮೇಲೆ ಹನ್ನೊಂದು ಹೆಸರುಗಳು. ಮೊದಲನೆಯದು ಮಿಲಾದ್.

ಕಾಲುವೆಯ ಆಚೆ ದಂಡೆಯಿಂದ ಹೆಂಗಸರ ಉಲಿ ಏಳುತ್ತದೆ. ನಾಲಿಗೆಯಲ್ಲಿ ಹೊರಳಿ ಹೊರಳಿ ಬರುವ ಆ ದನಿ ಈ ಚೌಕದಲ್ಲಿ ಕೇಳಿ ನಾಲ್ಕು ವರ್ಷವಾಗಿತ್ತು. ಬಾಂಬು ಬಿದ್ದ ಮೇಲೆ ಮದುವೆಗಳಲ್ಲೂ ಅದನ್ನು ತೆಗೆದಿರಲಿಲ್ಲ. ಶಾಬಾನ್ ಟೀವಿಯನ್ನೇ ಅಪ್ಪಿಕೊಳ್ಳುತ್ತಾನೆ. ಮೇಲಿನ ಮೇಜು ವಾಲುತ್ತದೆ, ಹತ್ತು ಕೈ ಅದನ್ನು ಹಿಡಿಯುತ್ತವೆ. ಜನ ಗೂಡಿನ ಕಡೆ ನುಗ್ಗುತ್ತಾರೆ, ಹಾಜಿಯನ್ನು ಎತ್ತಲು.

ಹಾಜಿ ಅಂಗೈ ಅಡ್ಡ ಹಿಡಿಯುತ್ತಾರೆ.

"ತಡೀರಿ. ನೀರು ಮುಗೀಲಿ."

ಇನ್ನೂರು ಜನ ನಿಲ್ಲುತ್ತಾರೆ. ದಾರ ತೆಳುವಾಗಿ, ಹನಿಯಾಗಿ, ನಿಲ್ಲುತ್ತದೆ. ಹಾಜಿ ಗರಿಯನ್ನು ಬೆರಳಿಗೆ ಸುತ್ತಿ ಗಂಟು ಬಿಗಿದು, ಗಡಿಗೆ ತುಂಬಿಸಿ ಮತ್ತೆ ಕೊಕ್ಕೆಗೆ ಹಾಕುತ್ತಾರೆ. ಆಮೇಲೆ ಒದ್ದೆ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಈಗ ಮೂರು ನಿಮಿಷ ಇದೆ. ಅಷ್ಟರಲ್ಲಿ ಏನ್ ಮಾಡ್ತೀರೋ ಮಾಡ್ಕೊಳಿ." ಎತ್ತಿ ಕುಣಿಸಲು ಜಾಗವಿಲ್ಲದ ಗೂಡು. ಒಬ್ಬೊಬ್ಬರಾಗಿ ಬಗ್ಗಿ ತಲೆಗೆ ಮುತ್ತಿಟ್ಟು ಹೋಗುತ್ತಾರೆ. ಮೂರು ನಿಮಿಷಕ್ಕೆ ಇಪ್ಪತ್ತಾರು ಮುತ್ತು, ನಾನೇ ಎಣಿಸಿದ್ದೇನೆ.

ಟೀವಿ ಇನ್ನೂ ಓದುತ್ತಿದೆ. ಕೊನೆಗೆ ಅರವತ್ತಮೂರರಲ್ಲಿ ಮೂವತ್ತೆಂಟು ಘಟನೆ ಉಳಿಯುತ್ತವೆ. "ನಮ್ಮ ಗಂಟಿನಷ್ಟೇ" ಎಂದು ಯಾರೋ ಹೇಳುತ್ತಾರೆ. ಹಾಜಿ ನಗುವುದಿಲ್ಲ. "ಉಳಿದ ಇಪ್ಪತ್ತೈದು ಊರಲ್ಲಿ ಎಣಿಸೋನು ಇರ್ಲಿಲ್ಲ ಅಷ್ಟೇ. ಸತ್ತೋರು ಇದ್ರು."

ಹನ್ನೊಂದು ಗಂಟೆಗೆ ಫೋನು ಬರುತ್ತದೆ. ಹೇಗ್‌ನಿಂದ ನಜ್ಲಾ. ಶಾಬಾನ್ ಫೋನನ್ನು ಬಲಗಿವಿಗೆ ಹಿಡಿಯುತ್ತಾನೆ. ಹಾಜಿಯ ಮೊದಲ ಮಾತು, "ಗರಿ ಯಾವಾಗ ಕೊಡ್ತಾರಮ್ಮ?"

"ಮೂರು ತಿಂಗಳಲ್ಲಿ ಹಾಜಿ. ನಾನೇ ತರ್ತೀನಿ."

"ಒಣಗಿರತ್ತೆ. ಬಿಸಿಲಿಗೆ ಇಡ್ಬೇಡಿ ಅಂತ ಹೇಳು. ಗಂಟು ಯಾರೂ ಮುಟ್ಟಿಲ್ಲ ತಾನೇ?"

"ಮುಟ್ಟಿದ್ರೆ ಆ ನೀರೂ ಅವರಿಗೇ ಹೋಗತ್ತೆ" ಎಂದು ಮಬ್ರೂಕಾ ಆಚೆ ದಂಡೆಯಿಂದಲೇ ಕೂಗುತ್ತಾಳೆ. "ಹೇಗ್‌ನಲ್ಲಿ ಖರ್ಜೂರ ಬೆಳೀತಾರಾ ಕೇಳಿ."

ಈಗ ನಿಮಗೆ ಏನು ಬೇಕು ಎಂದು ಹಾಜಿಯನ್ನು ಕೇಳುತ್ತೇನೆ. ಪರಿಹಾರದ ಹಣ, ಸನ್ಮಾನ, ಕಿವಿಯ ಚಿಕಿತ್ಸೆ ಎಂದು ನಾನೇ ಒಂದೊಂದಾಗಿ ಹೇಳಿ ನೋಡುತ್ತೇನೆ. ಅವರು ಎಲ್ಲಕ್ಕೂ ತಲೆಯಾಡಿಸುತ್ತಾರೆ. ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಗಡಿಗೆ ಬರಿದಾಗುತ್ತದೆ. ಗಂಟು ಹಾಕಿ, ತುಂಬಿಸಿ, ಕೊಕ್ಕೆಗೆ ಹಾಕಿದ ಮೇಲೆ ಹೇಳುತ್ತಾರೆ.

"ಮಿಲಾದ್ ಪಾಲು ಒಂಬತ್ತು. ಏಳು ಮುಟ್ಟಿದೆ. ಎಂಟನೇದು ಎಷ್ಟು ಹರಿದಿತ್ತೋ ಗೊತ್ತಿಲ್ಲ. ಗೊತ್ತಿಲ್ದೇ ಇದ್ದಾಗ ತೋಟದ ಕಡೆಗೆ ಲೆಕ್ಕ ಹಿಡೀಬೇಕು, ನಮ್ಮಪ್ಪ ಹಾಗೇ ಮಾಡ್ತಿದ್ದ. ಅದಕ್ಕೇ ಪೂರ್ತಿ ಎರಡು ಗಡಿಗೆ ಹೊಯ್ತೀನಿ. ಆಮೇಲೆ ಅವಳು ಬಂದು ಬಿಚ್ಚಲಿ. ಅಷ್ಟಾದ್ರೆ ಆ ದಿನ ಮುಗಿಯತ್ತೆ."

ಗುಬ್ಬಿಯೊಂದು ಕಾಲುವೆಯ ಅಂಚಿಗೆ ಬಂದು ಕೂತು ಕೊಕ್ಕು ಅದ್ದುತ್ತದೆ. ಇದು ಗಂಟಿನ ಗಡಿಗೆ, ಅದರ ಪಾಲಿನದಲ್ಲ. ಹಾಜಿ ನೋಡುತ್ತಾರೆ, ಓಡಿಸುವುದಿಲ್ಲ.

"ಕುಡೀಲಿ ಬಿಡಿ" ಎನ್ನುತ್ತಾರೆ. "ಇವತ್ತು ಅದೂ ಗೆದ್ದಿದೆ."